ನಾಡಿ ಸಿಗಲಿಲ್ಲ

ಫೆಬ್ರವರಿ 9, ಬೆಳಿಗ್ಗೆ

ನನ್ನ ಸರದಿ ಬರುವಷ್ಟರಲ್ಲಿ ಬಿಸಿನೀರು ಮುಗಿಯಿತು. ಎಂದಿನಂತೆ. ಗುಬ್ಬಿ ಮಾತ್ರ ಹೇಗೋ ಮೊದಲೇ ಮುಗಿಸಿಕೊಂಡು ಬಂದು, ಒದ್ದೆ ತಲೆಯಲ್ಲೇ ಮಂಚದ ಮೇಲೆ ಮಂಡಿಯೂರಿ ದಿಂಬಿನ ಎದೆ ಒತ್ತುತ್ತಿದ್ದಾಳೆ. ಒಂದು, ಎರಡು, ಮೂರು... ನನ್ನ ದಿಂಬು. ಹತ್ತಿಯೆಲ್ಲ ಒಂದು ಮೂಲೆ ಸೇರಿದೆ.

ನಾಲ್ಕು ವರ್ಷದಿಂದ ಒಂದೇ ರೂಮು. ಅವಳಿಗೆ ಗುಬ್ಬಿ ಅಂತ ಹೆಸರಿಟ್ಟವಳು ನಾನೇ. ತಿನ್ನುವುದು ಕಾಳಿನಷ್ಟು, ಚಿಲಿಪಿಲಿ ದಿನವಿಡೀ.

ನಾಳೆ ಕೊನೆಯ ಪ್ರಾಕ್ಟಿಕಲ್. ಇದು ದಾಟಿದರೆ ನರ್ಸ್. ಪರೀಕ್ಷೆ ರೋಗಿಯ ಹತ್ತಿರ ಅಲ್ಲ, ಗೊಂಬೆಯ ಹತ್ತಿರ. ಸಿಮ್ಯುಲೇಷನ್ ಲ್ಯಾಬ್‌ನಲ್ಲಿ ಮಲಗಿರುವ ರಬ್ಬರ್ ಗಂಡಸು. ನಾವಿಟ್ಟ ಹೆಸರು ಗೊಂಬೆಯಪ್ಪ. ಉಸಿರಾಡುತ್ತಾನೆ, ಕೆಮ್ಮುತ್ತಾನೆ, ಕಣ್ಣು ಪಿಳಿಪಿಳಿ ಬಿಡುತ್ತಾನೆ, ಕುತ್ತಿಗೆಯಲ್ಲಿ ನಾಡಿ ಬಡಿಯುತ್ತದೆ. ಎಲ್ಲ ಗಾಜಿನಾಚೆಯ ಲ್ಯಾಪ್‌ಟಾಪ್ ಹೇಳಿದಂತೆ. ಪರೀಕ್ಷಕರು ಅದರ ಮುಂದೆ ಕೂತು ನಮ್ಮನ್ನು ನೋಡುತ್ತ ಟಿಕ್ ಹಾಕುತ್ತಾರೆ. ಒಳ್ಳೆಯ ಪದ್ಧತಿಯೇ. ಜೀವ ಇರುವವರ ಮೇಲೆ ತಪ್ಪು ಮಾಡುವುದಕ್ಕಿಂತ ಗೊಂಬೆಯ ಮೇಲೆ ಮಾಡುವುದು ವಾಸಿ.

ಗುಬ್ಬಿ ಈಗ ದಿಂಬಿನ ಬಾಯಿಗೆ ಗಾಳಿ ಊದುತ್ತಿದ್ದಾಳೆ. ದಿಂಬಿಗೆ ಬಾಯಿ ಎಲ್ಲಿದೆಯೋ ಅವಳಿಗೇ ಗೊತ್ತು.

ಫೆಬ್ರವರಿ 10, ಸಂಜೆ

ಆದದ್ದು ಆದಂತೆ ಬರೆಯುತ್ತೇನೆ, ಆಮೇಲೆ ಮನಸ್ಸು ಕಥೆ ಕಟ್ಟುವ ಮೊದಲು.

ಬೆಳಗಿನ ತಂಡದವರು ಹೊರಗೆ ಬಂದಕೂಡಲೇ ನೀರಿನ ಫಿಲ್ಟರ್ ಹತ್ತಿರ ಪಿಸುಪಿಸು. ‘ಪ್ರಜ್ಞೆ ಇಲ್ಲ, ಉಸಿರು ಇಲ್ಲ, ನಾಡಿ ಇದೆ. ಬರೀ ಉಸಿರು ಕೊಡಬೇಕು, ಎದೆ ಒತ್ತಿದರೆ ಫೇಲ್.’ ಹೇಳಬಾರದು ಅಂತ ನಿಯಮ. ಕೇಳಬಾರದು ಅಂತಲೂ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ನನಗೂ ಬಿತ್ತು.

ಪರೀಕ್ಷಕಿ ಗಡಿಯಾರ ಮೇಡಂ. ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡೇ ಹುಟ್ಟಿದವರು. ಗಾಜಿನಾಚೆಯಿಂದ ಮೈಕಿನಲ್ಲಿ ‘ಶುರು ಮಾಡಿ’ ಅಂದರು.

ಭುಜ ತಟ್ಟಿ ಕರೆದೆ. ಉತ್ತರವಿಲ್ಲ. ಸಹಾಯಕ್ಕೆ ಕೂಗಿದೆ. ಎದೆ ಏಳುತ್ತಿಲ್ಲ. ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟೆ.

ಏನೂ ಇಲ್ಲ.

ಸ್ವಲ್ಪ ಸರಿಸಿದೆ. ಇಲ್ಲ. ಇನ್ನೊಂದು ಪಕ್ಕ. ಇಲ್ಲ. ರಬ್ಬರ್ ತಣ್ಣಗಿತ್ತು, ಅಷ್ಟೇ. ತಲೆಯೊಳಗೆ ಫಿಲ್ಟರ್ ಹತ್ತಿರದ ಪಿಸುಮಾತು—ನಾಡಿ ಇದೆ, ನಾಡಿ ಇದೆ. ‘ಇದೆ’ ಅಂದರೆ ಆಯಿತು. ಎರಡೇ ಅಕ್ಷರ. ಬಾಯಿಗೂ ಬಂದಿತ್ತು. ಆದರೆ ಬೆರಳಿಗೆ ಬರಲಿಲ್ಲವಲ್ಲ!

“ನಾಡಿ ಸಿಗುತ್ತಿಲ್ಲ,” ಅಂದೆ. ಎದೆ ಒತ್ತಲು ಶುರು ಮಾಡಿದೆ.

ಮೈಕು ಕರಕರ ಅಂದಿತು. ಸಮಯ ಮುಗಿಯುವವರೆಗೂ ಒತ್ತಿದೆ. ಹೊರಗೆ ಬಂದಾಗ ಬೆನ್ನೆಲ್ಲ ಬೆವರು.

ಫೆಬ್ರವರಿ 11

ಫೇಲ್.

ತರಗತಿಯಲ್ಲಿ ನಾನೊಬ್ಬಳೇ. ಷರಾ: ‘ಗಂಭೀರ ತಪ್ಪು. ನಾಡಿ ಇರುವ ರೋಗಿಯ ಎದೆ ಒತ್ತಿದ್ದಾರೆ. ಅಪಾಯಕಾರಿ.’

ಅಪಾಯಕಾರಿ. ನಾನು.

ಮರುಪರೀಕ್ಷೆ ಆರು ತಿಂಗಳಾದ ಮೇಲೆ. ಅಲ್ಲಿಯವರೆಗೆ ವಾರ್ಡಿನಲ್ಲಿ ವಿದ್ಯಾರ್ಥಿನಿಯಾಗಿಯೇ ಕೆಲಸ. ಗುಬ್ಬಿ ಪಾಸ್. ಅವಳ ಅಣ್ಣ ಫೋನಿನಲ್ಲಿ ಕೂಗಿದ್ದು ನನ್ನ ಮಂಚದವರೆಗೂ ಕೇಳಿಸಿತು.

ಫೆಬ್ರವರಿ 12

ಬೆಳಿಗ್ಗೆಯಿಂದ ಗುಬ್ಬಿ ಚಿಲಿಪಿಲಿ ನಿಲ್ಲಿಸಿದ್ದಳು. ಬಟ್ಟೆ ಮಡಿಸುತ್ತ ನಾನೇ ಕೇಳಿದೆ—ನಿನಗೆ ಸಿಕ್ಕಿತ್ತಾ?

ಮಡಿಸಿದ ಕುಪ್ಪಸವನ್ನೇ ಬಿಚ್ಚಿ ಮತ್ತೆ ಮಡಿಸಿದಳು.

“ಇಲ್ಲ ಕಣೇ.”

“ಮತ್ತೆ?”

“ಇದೆ ಅಂದೆ. ಎಲ್ಲರೂ ಇದೆ ಅಂತಿದ್ರು. ನನ್ನ ಬೆರಳೇ ಸರಿಯಿಲ್ಲ ಅಂದ್ಕೊಂಡೆ.”

ಪಕ್ಕದ ರೂಮಿಗೆ ಹೋದೆ. ಅದರ ಪಕ್ಕದ್ದಕ್ಕೂ. ಕಾರಿಡಾರಿನ ಕೊನೆಯ ಉದ್ದ ಜಡೆಯವಳು ನಕ್ಕೇಬಿಟ್ಟಳು. ಅವಳಂತೂ ಬೆರಳು ಸರಿಯಾಗಿ ಇಡಲೂ ಇಲ್ಲವಂತೆ. ಉತ್ತರ ಗೊತ್ತಿದ್ದ ಮೇಲೆ ಲೆಕ್ಕ ಯಾಕೆ ಮಾಡಬೇಕು ಅನ್ನುವ ಧಾಟಿ. ಅಂದರೆ ನಮ್ಮ ಮಧ್ಯಾಹ್ನದ ತಂಡದಲ್ಲಿ ಗೊಂಬೆಯಪ್ಪನ ನಾಡಿ ಯಾರಿಗೂ ಸಿಕ್ಕಿಲ್ಲ. ಎಲ್ಲರಿಗೂ ‘ಇದೆ’. ಸತ್ತವನನ್ನು ಸಾಲಾಗಿ ಬಂದು ಬದುಕಿದ್ದಾನೆ ಅಂತ ಸಹಿ ಹಾಕಿ ಹೋಗಿದ್ದಾರೆ. ಇಲ್ಲ ಅಂದವಳು ಅಪಾಯಕಾರಿ.

ಊಟ ಇಳಿಯಲಿಲ್ಲ.

ಫೆಬ್ರವರಿ 13

ಪ್ರಿನ್ಸಿಪಾಲರಿಗೆ ದೂರು ಬರೆದುಕೊಟ್ಟೆ. ಗೊಂಬೆ ಕೆಟ್ಟಿತ್ತು, ಪರೀಕ್ಷಿಸಿ ಅಂತ. ಬೇರೆ ಯಾರ ವಿಷಯವೂ ಬರೆಯಲಿಲ್ಲ. ಯಾರನ್ನೂ ಹಿಡಿದುಕೊಡುವುದು ನನ್ನ ಉದ್ದೇಶವಲ್ಲ. ಅದು ಕೆಟ್ಟಿತ್ತು. ಅಷ್ಟೇ.

ಸಂಜೆಗೆ ಊಟದ ಹಾಲಿನಲ್ಲಿ ಸುದ್ದಿ. ಉದ್ದ ಜಡೆಯವಳು ತಟ್ಟೆ ಹಿಡಿದು ಬಂದು ಎದುರು ನಿಂತಳು. ಪರೀಕ್ಷೆ ರದ್ದಾದರೆ ಎಲ್ಲರೂ ಮತ್ತೆ ಬರೆಯಬೇಕಾಗುತ್ತೆ, ಗೊತ್ತಾ ಅಂತ. ನಿನ್ನೆ ನಕ್ಕು ಹೇಳಿದ್ದನ್ನು ಇವತ್ತು ಹೇಳಿಯೇ ಇಲ್ಲ ಅಂದಳು. ನನ್ನ ಮುಖ ನೋಡಿಕೊಂಡೇ.

ಗುಬ್ಬಿ ಒಬ್ಬಳೇ ನನ್ನ ಪಕ್ಕ ಕೂತಿದ್ದಳು. ನಿನ್ನನ್ನು ಕರೆದು ಕೇಳಿದರೆ ನಿಜ ಹೇಳ್ತೀಯಾ ಅಂದೆ. ಹೂಂ ಅಂತ ತಲೆಯಾಡಿಸಿದಳು.

ಫೆಬ್ರವರಿ 14

ಅಮ್ಮನ ಫೋನು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು, ಗಿರಾಕಿಗೆ ಚಿಲ್ಲರೆ ಕೊಡುತ್ತ, ನಡುನಡುವೆ ನನಗೆ. ಮೊದಲ ಪ್ರಶ್ನೆ—ಸರಿಯಾಗಿ ನೋಡಿದ್ಯಾ ಪುಟ್ಟಿ?

ಎದೆಗೆ ನಾಟಿತು. ಅಮ್ಮನೂ.

ಚಿಕ್ಕಪ್ಪನಿಗೆ ಕಾಲೇಜಿನಲ್ಲಿ ಯಾರೋ ಪರಿಚಯವಂತೆ. ತಪ್ಪಾಯಿತು ಅಂತ ಒಂದು ಸಾಲು ಬರೆದುಕೊಟ್ಟರೆ ಆರು ತಿಂಗಳು ಎರಡಾಗಬಹುದಂತೆ. ‘ಗಾಳಿ ಬಂದಾಗ ತೂರಿಕೊಳ್ಳಬೇಕು’ ಅಂದರಂತೆ ಚಿಕ್ಕಪ್ಪ. ಹಿಂದೆ ಯಾವುದೋ ಬಸ್ಸಿನ ಹಾರನ್.

“ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಬಿಡು,” ಅಂದಳು ಕೊನೆಗೆ. “ಇಲ್ಲದ್ದನ್ನ ಇದೆ ಅಂತ ಬರ್ಕೊಡೋದು ಬೇಡ.” ಅಷ್ಟರಲ್ಲಿ ಯಾರಿಗೋ ಸಾಲಿನಲ್ಲಿ ಬರಲು ಗದರಿ ಫೋನ್ ಇಟ್ಟಳು.

ಸ್ವಲ್ಪ ಉಸಿರಾಡುವಂತಾಯಿತು.

ಫೆಬ್ರವರಿ 17

ವಿಚಾರಣೆ ಅಂತೆ. ನಾಟಕ ಅನ್ನಬೇಕಿತ್ತು.

ಪ್ರಿನ್ಸಿಪಾಲರು, ಗಡಿಯಾರ ಮೇಡಂ, ಲ್ಯಾಬ್ ಇನ್‌ಚಾರ್ಜ್. ಮೂವರಿಗೂ ಟೀ. ನನಗೆ ಕುರ್ಚಿ ತೋರಿಸಲಿಲ್ಲ, ನಿಂತೇ ಇದ್ದೆ. ಎಲ್ಲರಿಗೂ ಸಿಕ್ಕ ನಾಡಿ ನಿನಗೊಬ್ಬಳಿಗೆ ಯಾಕೆ ಸಿಗಲಿಲ್ಲ ಅಂತ ಮೇಡಂ ಕೇಳಿದರು. ನೀವೇ ಒಮ್ಮೆ ಮುಟ್ಟಿ ನೋಡಿ ಮೇಡಂ ಅಂದೆ. ಸರಿ, ನಡೆಯಮ್ಮ ಅಂತ ಪ್ರಿನ್ಸಿಪಾಲರು ಎದ್ದೇಬಿಟ್ಟರು. ಆ ಉತ್ಸಾಹ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಲ್ಯಾಬಿಗೆ ಹೋದೆವು. ಗೊಂಬೆಯಪ್ಪನ ಕುತ್ತಿಗೆಗೆ ಬೆರಳಿಟ್ಟೆ. ಕಪ್ಪೆ ಕುಪ್ಪಳಿಸಿದ ಹಾಗೆ ಬಡಿಯುತ್ತಿತ್ತು. ಕುರುಡನಿಗೂ ಕಾಣುವಂತೆ.

ಕುತ್ತಿಗೆಯ ಚರ್ಮ ಹೊಸದು. ಮುಖಕ್ಕಿಂತ ಎರಡು ಪಾಲು ಬೆಳ್ಳಗೆ. ಮುಖ ಒಬ್ಬನದು, ಕುತ್ತಿಗೆ ಇನ್ನೊಬ್ಬನದು. ಬೆರಳು ಮಾಡಿ ತೋರಿಸಿದೆ. ಇನ್‌ಚಾರ್ಜ್ ಗೋಡೆಯ ಸ್ವಿಚ್‌ಬೋರ್ಡ್ ನೋಡುತ್ತ, ಮೊನ್ನೆ ಸರ್ವಿಸ್ ಆಯಿತು ಅಂದರು. ಹಾಗಾದರೆ ಕೆಟ್ಟಿತ್ತಲ್ಲವೇ ಸರ್ ಅಂದೆ.

“ಸರ್ವಿಸ್ ಬೇರೆ, ರಿಪೇರಿ ಬೇರೆ ಅಮ್ಮಾ,” ಅಂದರು.

ಪ್ರಿನ್ಸಿಪಾಲರು ನಕ್ಕರು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.” ಮೇಡಂ ನಗಲಿಲ್ಲ, ಅದೊಂದು ಪುಣ್ಯ.

ನೆಲ ನಿಜವಾಗಿಯೂ ಡೊಂಕಿದ್ದರೆ ಏನು ಮಾಡಬೇಕು ಸ್ವಾಮಿ? ಬಿದ್ದ ಮೇಲೆ ನೆಲ ಸಮ ಮಾಡಿಸಿ, ನೋಡು ಎಷ್ಟು ಚೆನ್ನಾಗಿದೆ, ನಿನಗೇ ಕುಣಿಯಲು ಬರಲ್ಲ ಅನ್ನುವವರಿಗೆ ಯಾವ ಗಾದೆ ಇದೆ? ಇದನ್ನು ಅಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ನನ್ನ ಧೈರ್ಯ ಇಷ್ಟೇ.

ಕೊನೆಯ ಆಸೆ ಗುಬ್ಬಿ. ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಕರೆಸಿದರು. ನಿನಗೆ ನಾಡಿ ಸಿಕ್ಕಿತ್ತೇನಮ್ಮ ಅಂತ ಕೇಳಿದರು.

ನನ್ನ ಕಡೆ ನೋಡಲಿಲ್ಲ.

“ಸಿಕ್ಕಿತ್ತು ಸರ್.”

ಫೆಬ್ರವರಿ 18

ಅಣ್ಣ ಆಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ, ಕೆಲಸಕ್ಕೂ ಮಾತಾಗಿದೆ, ಏನು ಮಾಡಲಿ ಅಂತ ಗುಬ್ಬಿ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಬಟ್ಟೆ ಒಣಗಿಸುವ ಹಗ್ಗವನ್ನು ರೂಮಿನ ನಡುವೆ ಕಟ್ಟಿ ಬೆಡ್‌ಶೀಟ್ ಹರವಿದೆ. ಒಣಗಲಿ ಅಂತ ಅಲ್ಲ.

ಮಾರ್ಚ್ 9

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಇವತ್ತು ಬರೆಯಲೇಬೇಕು.

ಮೂಳೆ ವಾರ್ಡು. ನಾನು ವಿದ್ಯಾರ್ಥಿನಿ, ಗುಬ್ಬಿ ಟ್ರೈನಿ ಸ್ಟಾಫ್. ಒಂದೇ ಪಾಳಿಗೆ ಹಾಕಿದ್ದಾರೆ. ಯಾರ ಪಾಪವೋ. ಕೆಲಸಕ್ಕೆ ಬೇಕಾದಷ್ಟು ಮಾತು: ‘ಬ್ಯಾಂಡೇಜ್’, ‘ತಗೋ’, ‘ಆಯ್ತು’.

ಕಿಟಕಿ ಪಕ್ಕದ ಬೆಡ್ಡಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಜ್ಜ. ಗಡಿಯಾರ ರಿಪೇರಿಯವರು. ವಾರ್ಡಿನ ಗೋಡೆ ಗಡಿಯಾರ ಹಿಂದೆ ಬಿದ್ದಿದೆ ಅಂತ ದಿನಾ ತಕರಾರು. ಇಳಿಸಿಕೊಡಿ, ಮಲಗಿದಲ್ಲೇ ಸರಿಮಾಡುತ್ತೇನೆ ಅನ್ನುತ್ತಿದ್ದರು. ನಮ್ಮೆಲ್ಲರನ್ನೂ ‘ಡಾಕ್ಟ್ರಮ್ಮ’ ಅಂತಲೇ ಕರೆಯುವುದು. ನಾನು ಫೇಲಾದವಳು ಅಜ್ಜ ಅಂದರೆ, ನಾನೂ ಎಂಟನೇ ಕ್ಲಾಸು ಎರಡು ಸಲ ಓದಿದ್ದೀನಿ, ಅದಕ್ಕೇ ಗಟ್ಟಿ ಅಂದಿದ್ದರು.

ಮಧ್ಯಾಹ್ನ ಊಟದ ತಟ್ಟೆ ಎತ್ತುವ ಹೊತ್ತು. ಅವರ ಮಗಳು ‘ಅಪ್ಪಾ’ ಅಂತ ಕಿರುಚಿದರು. ಗುಬ್ಬಿ ಮೊದಲು ಓಡಿದಳು, ಹಿಂದೆ ನಾನು. ಅಜ್ಜನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ತುಟಿ ನೀಲಿ. ಆಗೊಮ್ಮೆ ಈಗೊಮ್ಮೆ ಗಂಟಲಲ್ಲಿ ಗೊರಕ್ ಅನ್ನುವ ಶಬ್ದ. ಡ್ಯೂಟಿ ಡಾಕ್ಟರ್ ಬಾಗಿಲಿನಿಂದಲೇ ಕೂಗಿದರು—

“ಪಲ್ಸ್ ಇದ್ಯಾ?”

“ಇದೆ,” ಅಂದಳು ಗುಬ್ಬಿ.

ಡಾಕ್ಟರ್ ಆಕ್ಸಿಜನ್ ಎಳೆಯಲು ತಿರುಗಿದರು. ಮಾಸ್ಕ್ ಹುಡುಕಿದರು. ಟ್ಯೂಬ್ ಸಿಕ್ಕಿಹಾಕಿಕೊಂಡಿತ್ತು, ಬಿಡಿಸಿದರು. ನಾನು ಈ ಪಕ್ಕದಿಂದ ಕುತ್ತಿಗೆಗೆ ಬೆರಳಿಟ್ಟೆ. ಇಲ್ಲ. ಒತ್ತಿ ನೋಡಿದೆ. ಇಲ್ಲ.

“ನಾಡಿ ಇಲ್ಲ ಡಾಕ್ಟ್ರೇ.”

ಗುಬ್ಬಿ ತನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಅವು ಅಜ್ಜನ ಕುತ್ತಿಗೆಯ ಮೇಲಲ್ಲ, ಅಂಗಿಯ ಕಾಲರ್ ಮೇಲಿದ್ದವು.

ಒತ್ತಿದೆವು. ಸರದಿಯಲ್ಲಿ. ಪಕ್ಕೆಲುಬು ಮುರಿದ ಸದ್ದು ಕೈಗೇ ಕೇಳಿಸಿತು. ಗೊಂಬೆಯಪ್ಪನಿಗೆ ಪಕ್ಕೆಲುಬು ಮುರಿಯುವುದಿಲ್ಲ. ಕೊನೆಗೆ ನಾಡಿ ಬಂತು. ಐಸಿಯುಗೆ ಕರೆದುಕೊಂಡು ಹೋದರು.

ಬೆಡ್‌ಶೀಟಿನ ಆ ಬದಿಯಿಂದ ಈಗ ಸದ್ದೇ ಇಲ್ಲ. ಅಳುವೂ ಇಲ್ಲ.

ಮಾರ್ಚ್ 12

ಅಜ್ಜ ಇವತ್ತು ಬೆಳಿಗ್ಗೆ ಹೋದರು.

ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತಂತೆ. ಆ ಅರ್ಧ ನಿಮಿಷ ತಡವಾಗದಿದ್ದರೆ ಉಳಿಯುತ್ತಿದ್ದರೇ ಅಂತ ಡಾಕ್ಟರನ್ನು ಕೇಳಿದೆ. ಕನ್ನಡಕ ತೆಗೆದು ಒರೆಸಿದರು. ಇರಬಹುದು, ಇಲ್ಲದೆಯೂ ಇರಬಹುದು ಅಂದರು. ಬೇರೆ ಯಾವ ಉತ್ತರವಾಗಿದ್ದರೂ ಸಹಿಸಬಹುದಿತ್ತು.

ಮಗಳು ಅಪ್ಪನ ಚಪ್ಪಲಿ, ಟಾರ್ಚು, ಶಾಲು ತೆಗೆದುಕೊಂಡು ಹೋಗಲು ಬಂದಿದ್ದರು. ನೇರ ಗುಬ್ಬಿಯ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ನೀವೇ ಮೊದಲು ಓಡಿ ಬಂದಿದ್ದು ಸಿಸ್ಟರ್, ನಿಮ್ಮಿಂದ ಇನ್ನೆರಡು ದಿನ ಸಿಕ್ಕರು, ಮರೆಯಲ್ಲ ಅಂದರು. ಗುಬ್ಬಿ ಕೈ ಬಿಡಿಸಿಕೊಳ್ಳಲಿಲ್ಲ. ಅವರು ಹೋದ ಮೇಲೆ ಸ್ಟೋರ್ ರೂಮಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಬ್ಯಾಂಡೇಜ್ ಡಬ್ಬಗಳ ನಡುವೆ ನೆಲದ ಮೇಲೆ ಕೂತಿದ್ದಾಳೆ.

“ಬಾಯಿ ತಾನಾಗೇ ಹೇಳ್ತು ಕಣೇ. ಬೆರಳು ಇನ್ನೂ ಮುಟ್ಟೇ ಇರಲಿಲ್ಲ.”

ಪಕ್ಕದಲ್ಲಿ ಕೂತೆ. ನಾನು ಇವಳ ಮೇಲೆ ಇಷ್ಟು ದಿನ ಸಾಕಿದ ಸಿಟ್ಟು ಎಲ್ಲಿ ಹೋಯಿತೋ. ಹೋಯಿತು ಅಂದರೆ ಇಲ್ಲವಾಗಲಿಲ್ಲ. ದಿಕ್ಕು ಬದಲಾಯಿಸಿತು. ಇವಳಿಗೆ ಇದನ್ನು ಕಲಿಸಿದವರು ಯಾರು? ಸುಳ್ಳಿಗೆ ಟಿಕ್ ಹಾಕಿ, ಪಾಸ್ ಅಂತ ಬರೆದು, ಬೆನ್ನು ತಟ್ಟಿ ವಾರ್ಡಿಗೆ ಬಿಟ್ಟವರು ಯಾರು? ಅವರು ಈಗ ಟೀ ಕುಡಿಯುತ್ತಿರಬಹುದು.

ಮಾರ್ಚ್ 13

ಗುಬ್ಬಿ ಒಬ್ಬಳೇ ಹೋದಳು. ನಾನೂ ಬರ್ತೀನಿ ಅಂದರೆ ಬೇಡ ಅಂದಳು.

ಪ್ರಿನ್ಸಿಪಾಲರ ಮುಂದೆ ಎಲ್ಲ ಹೇಳಿದಳಂತೆ. ಗೊಂಬೆ, ಪಿಸುಮಾತು, ವಿಚಾರಣೆಯ ದಿನದ ಸುಳ್ಳು, ಅಜ್ಜ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದು, ನಿನ್ನ ಭವಿಷ್ಯ ಯೋಚನೆ ಮಾಡಮ್ಮ ಅಂದರಂತೆ. ಯೋಚನೆ ಮಾಡಿಯೇ ಬಂದೆ ಸರ್, ಇದೇ ಮಾತು ಪರೀಕ್ಷಾ ಮಂಡಳಿಗೂ ಕಳಿಸಿದ್ದೀನಿ ಅಂದಳಂತೆ ನಮ್ಮ ಗುಬ್ಬಿ. ಕಾಳು ತಿನ್ನುವ ಗುಬ್ಬಿ.

ಹಗ್ಗ ಬಿಚ್ಚಿದೆ. ಬೆಡ್‌ಶೀಟ್ ಮಡಿಸಲು ಅವಳೇ ಆ ತುದಿ ಹಿಡಿದಳು.

ಮಾರ್ಚ್ 24

ಮಂಡಳಿಯಿಂದ ಜನ ಬಂದರು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದರು. ಲ್ಯಾಬ್ ಇನ್‌ಚಾರ್ಜ್ ಬಾಯಿಬಿಟ್ಟರಂತೆ: ಪರೀಕ್ಷೆಯ ದಿನ ಬೆಳಿಗ್ಗೆಯ ತಂಡ ಮುಗಿಯುವ ಹೊತ್ತಿಗೇ ಕುತ್ತಿಗೆಯೊಳಗಿನ ಮೋಟಾರ್ ನಿಂತಿತ್ತು. ಹೋಗಿ ತಿಳಿಸಿದರೆ, ಪರೀಕ್ಷೆ ನಿಲ್ಲಿಸಬೇಡಿ, ಹೇಗೂ ಎಲ್ಲರೂ ಪಾಸಾಗುತ್ತಿದ್ದಾರೆ ಅಂದರಂತೆ ಪ್ರಿನ್ಸಿಪಾಲರು.

ಹೇಗೂ ಎಲ್ಲರೂ ಪಾಸಾಗುತ್ತಿದ್ದಾರೆ. ಈ ಸಾಲನ್ನು ಎಷ್ಟು ಸಲ ಓದಿದರೂ ರಕ್ತ ಬಿಸಿಯಾಗುತ್ತದೆ.

ಫಲಿತಾಂಶ ರದ್ದು. ಎಲ್ಲರಿಗೂ ಮರುಪರೀಕ್ಷೆ, ಹೊರಗಿನ ಪರೀಕ್ಷಕರಿಂದ.

ಮಾರ್ಚ್ 27

ಊಟದ ಹಾಲಿನಲ್ಲಿ ನಾವು ಕೂತ ಬೆಂಚು ಖಾಲಿಯಾಗುತ್ತದೆ. ನಮ್ಮ ಬಕೆಟ್ ಕಾಣೆ. ಗುಬ್ಬಿಯ ಅಣ್ಣ ಫೋನ್ ಎತ್ತುತ್ತಿಲ್ಲ. ಉದ್ದ ಜಡೆಯವಳು ಮೆಟ್ಟಿಲ ಮೇಲೆ ತಡೆದು, ನಿಮ್ಮಿಬ್ಬರ ಸತ್ಯಕ್ಕೆ ನಾವ್ಯಾಕೆ ಬೆಲೆ ತೆರಬೇಕು ಅಂದಳು. ಅವಳಿಗೆ ಮುಂದಿನ ವಾರ ಕೆಲಸಕ್ಕೆ ಸೇರಬೇಕಿತ್ತು. ಪಾಪ ಅನ್ನಿಸಿತು. ಆದರೂ ಹೇಳಿದೆ—ಬೆಲೆ ತೆತ್ತವರು ಆಗಲೇ ತೆತ್ತು ಹೋದರು, ಕಿಟಕಿ ಪಕ್ಕದ ಬೆಡ್ಡಿನವರು. ಅವಳಿಗೆ ಅರ್ಥವಾಯಿತೋ ಇಲ್ಲವೋ. ದಾರಿ ಬಿಟ್ಟಳು.

ಇಳಿಯುವಾಗ ಎದುರಿಗೆ ಗಡಿಯಾರ ಮೇಡಂ. ಕೊರಳಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ನಿಂತರು.

“ನಾನು ಸ್ಕ್ರೀನ್ ನೋಡ್ತಿದ್ದೆ. ಅದರಲ್ಲಿ ಬಡೀತಾ ಇತ್ತು,” ಅಂದರು.

ಕ್ಷಮೆ ಅಲ್ಲ ಅದು. ಅವರ ಮಟ್ಟಿಗೆ ನಿಜವೇ ಇರಬಹುದು. ಆದರೆ ಮೇಡಂ, ಗಾಜಿನ ಬಾಗಿಲು ತೆಗೆದರೆ ಮೂರೇ ಹೆಜ್ಜೆ. ನಾನು ‘ಸಿಗುತ್ತಿಲ್ಲ’ ಅಂದಾಗ ಎದ್ದು ಬಂದು ಒಂದು ಸಲ ಬೆರಳಿಡಬಹುದಿತ್ತು. ವಿದ್ಯಾರ್ಥಿ ಹೇಳಿದ್ದು ನಿಜ ಇರಬಹುದು ಅನ್ನುವ ಸಣ್ಣ ಅನುಮಾನ... ಅದೂ ಬರಲಿಲ್ಲವಲ್ಲ ನಿಮಗೆ.

ಏಪ್ರಿಲ್ 6, ಸಂಜೆ

ಮುಗಿಯಿತು.

ಹೊಸ ಪರೀಕ್ಷಕರು ವಯಸ್ಸಾದವರು, ಸಣ್ಣ ಧ್ವನಿ. ಪ್ರತಿಯೊಬ್ಬರೂ ಒಳಗೆ ಬರುವ ಮೊದಲು ತಾವೇ ಗೊಂಬೆಯ ಕುತ್ತಿಗೆ ಮುಟ್ಟಿ ನೋಡುತ್ತಿದ್ದರು. ಇಷ್ಟೇ ಬೇಕಾಗಿದ್ದದ್ದು. ಇಷ್ಟಕ್ಕೆ ಎರಡು ತಿಂಗಳು, ಒಂದು ಪರೀಕ್ಷಾ ಮಂಡಳಿ.

ನನ್ನದು ಸುಸೂತ್ರ. ಗುಬ್ಬಿಯದು ಅವಳೇ ಹೇಳಿದ್ದು: ಕುತ್ತಿಗೆಗೆ ಬೆರಳಿಟ್ಟಳಂತೆ. ಬಡಿಯುತ್ತಿರುವುದು ಗೊಂಬೆಯ ನಾಡಿಯೋ ತನ್ನ ಬೆರಳಿನದೋ ಗೊತ್ತಾಗಲಿಲ್ಲವಂತೆ. “ನನಗೆ ಖಾತ್ರಿಯಿಲ್ಲ ಸರ್, ಇನ್ನೊಂದು ಪಕ್ಕ ನೋಡ್ತೀನಿ,” ಅಂದಳಂತೆ. ನೋಡಿ, ಆಮೇಲೆ ‘ಇದೆ’ ಅಂದಳಂತೆ. ಪರೀಕ್ಷಕರು ತಲೆ ಎತ್ತಿ ಅವಳನ್ನೊಮ್ಮೆ ನೋಡಿ ಟಿಕ್ ಹಾಕಿದರಂತೆ.

ಇಬ್ಬರೂ ಪಾಸ್. ಮೊದಲ ಸಲ ಪಾಸಾಗಿದ್ದ ಕೆಲವರು ಈ ಸಲ ಇಲ್ಲ. ಉದ್ದ ಜಡೆಯವಳು ಪಾಸು. ನಮ್ಮ ಬಕೆಟ್ ಬಾಗಿಲ ಮುಂದೆ ಬಂದು ಕೂತಿದೆ. ಯಾರು ತಂದಿಟ್ಟರು ಅಂತ ಕೇಳಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಕೌಂಟರಿನ ಸಾಲಿಗೆಲ್ಲ ಕೇಳುವಂತೆ ಹೇಳಿಕೊಂಡಳು.

ಏಪ್ರಿಲ್ 21

ಪ್ರಿನ್ಸಿಪಾಲರು ಕರೆಸಿದ್ದರು. ಈ ಸಲ ಕುರ್ಚಿ. ನನಗೂ ಟೀ.

ಮುಂದಿನ ವಾರ ಕಾಲೇಜಿನ ಸಮಾರಂಭ. ಮಾನ್ಯತೆ ಕೊಡುವವರು ನೋಡಲು ಬರುತ್ತಾರಂತೆ. ಪ್ರತಿ ವಿದ್ಯಾರ್ಥಿಗೂ ಮೊದಲು ಗೊಂಬೆ ಪರೀಕ್ಷಿಸುವ ‘ಹೊಸ ಕ್ರಮ’ ನಮ್ಮ ಸಂಸ್ಥೆಯ ಹೆಮ್ಮೆಯಂತೆ. ನೋಟೀಸ್ ಬೋರ್ಡಿನಲ್ಲಿ ಆಗಲೇ ಅವರ ಸಹಿಯೊಂದಿಗೆ ನೇತಾಡುತ್ತಿದೆ. ಆ ಕ್ರಮ ಹೇಗೆ ಬಂತು ಅನ್ನುವುದು ಮಾತ್ರ ಅದರಲ್ಲಿಲ್ಲ. ಅಜ್ಜನೂ ಇಲ್ಲ, ಗುಬ್ಬಿಯೂ ಇಲ್ಲ.

“ಪ್ರಾಮಾಣಿಕತೆ ಬಗ್ಗೆ ನೀನೇ ನಾಲ್ಕು ಮಾತಾಡಬೇಕಮ್ಮ,” ಅಂದರು. “ಕಾಲೇಜು ನಿನಗೆ ಹೇಗೆ ಬೆಂಬಲ ಕೊಡ್ತು ಅಂತ.”

ಟೀ ಲೋಟ ಕೆಳಗಿಟ್ಟೆ. ಆಗಲಿ ಸರ್ ಅಂದೆ. ಅವರಿಗೆ ಬಹಳ ಸಂತೋಷವಾಯಿತು.

ರೂಮಿಗೆ ಬಂದು ಹೇಳಿದರೆ ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜ ಹೋದ ಮೇಲೆ ಮೊದಲ ಸಲ. ಆಮೇಲೆ ಅವಳೇ ಮೇಜಿನ ಮೇಲಿದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು. ಬರಿ ಅಂದಳು.

ಏಪ್ರಿಲ್ 27, ಬೆಳಿಗ್ಗೆ

ಹರಿದದ್ದು ಹರಿದು, ಉಳಿದದ್ದು ಇಷ್ಟು. ಉದ್ದ ಬೇಡ. ಹೊರಗೆ ಕುರ್ಚಿ ಹಾಕುತ್ತಿರುವ ಸದ್ದು.

ಮಾನ್ಯ ಅತಿಥಿಗಳೇ, ಪ್ರಿನ್ಸಿಪಾಲ್ ಸರ್, ಗೆಳತಿಯರೇ. ಫೆಬ್ರವರಿ ಹತ್ತನೇ ತಾರೀಕು ಆ ಗೊಂಬೆಗೆ ನಾಡಿ ಇರಲಿಲ್ಲ. ನಾನು ಹೇಳಿದೆ. ಸರ್, ಅದು ನಿಮಗೆ ಆಗಲೇ ಗೊತ್ತಿತ್ತು. ನೀವು ಪರೀಕ್ಷೆ ನಿಲ್ಲಿಸಬೇಡಿ ಅಂದಿರಿ.